ದಾನದ ಮೇಲಿನ ಮುಚ್ಚಳ
ಸ್ವತಂತ್ರ ತಂತ್ರಾಂಶದ ಪರವಾನಗಿಗಳಿಗೆ ಸೇರಿಸುವ ನಿರ್ಬಂಧಗಳನ್ನು ಕುರಿತ ವಿಮರ್ಶೆ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಕೊನೆಯದು ಅತಿಥಿಸಂವಿಭಾಗ. ಈ ವ್ರತಕ್ಕೆ ಒದಗಬಹುದಾದ ಐದು ಅತಿಚಾರಗಳನ್ನು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಎಣಿಸಿದ್ದಾರೆ. ಅವುಗಳಲ್ಲಿ ಸಚಿತ್ತಾಪಿಧಾನವೂ ಒಂದು. ಆಹಾರ ಸಿದ್ಧವಾಗಿದೆ, ಪಾತ್ರೆ ತುಂಬಿದೆ, ಮುನಿಗಳು ಬಾಗಿಲಿಗೆ ಬಂದಿದ್ದಾರೆ. ಆದರೆ ಪಾತ್ರೆಯ ಮೇಲೆ ಹಸಿ ಎಲೆಯೊಂದನ್ನು ಮುಚ್ಚಿಡಲಾಗಿದೆ. ಜೀವವಿರುವ ಎಲೆಯಿಂದ ಮುಚ್ಚಿದ ಆಹಾರವನ್ನು ಮುನಿಗಳು ಸ್ವೀಕರಿಸುವಂತಿಲ್ಲ. ದಾತನು ಕೊಡಲಿಲ್ಲವೆಂದು ಯಾರೂ ಆಡುವಂತಿಲ್ಲ, ಪಾತ್ರನಿಗೆ ಏನೂ ದೊರೆಯಲೂ ಇಲ್ಲ. ಅದೇ ಪಟ್ಟಿಯಲ್ಲಿ ಪರವ್ಯಪದೇಶ ಎಂಬ ಇನ್ನೊಂದು ಅತಿಚಾರವಿದೆ. ದಾನದ ಸಂದರ್ಭದಲ್ಲಿ ಪರರ ಹೆಸರನ್ನು ಮುಂದಿಟ್ಟು ತಾನು ಹಿಂದೆ ಸರಿಯುವುದು ಅದರ ಸ್ವರೂಪ.

ಪ್ರಾಚೀನರು ಅಡುಗೆಮನೆಯನ್ನು ಕಣ್ಣಮುಂದಿರಿಸಿಕೊಂಡು ಹೇಳಿದ ಈ ಎರಡು ದೋಷಗಳು ಇಂದು ಗಣಕಯಂತ್ರದ ಲೋಕದಲ್ಲಿ ಹೊಸ ರೂಪದಲ್ಲಿ ಕಾಣಿಸಿಕೊಂಡಿವೆ. ಬಸದಿಗಳ ಆಡಳಿತ ಮಂಡಳಿಗಳು ಲೆಕ್ಕಪತ್ರ, ಪಂಚಾಂಗ, ತಾಡವೋಲೆಗಳ ಸೂಚಿ ಮೊದಲಾದ ಕಾರ್ಯಗಳಿಗೆ ತಂತ್ರಾಂಶಗಳನ್ನು ಬರೆಯಿಸುತ್ತಿರುವ ಈ ಕಾಲದಲ್ಲಿ ಈ ವಿಷಯವು ವಿಚಾರಣೀಯವಾಗಿದೆ.

ಪರವಾನಗಿಯ ಸ್ವರೂಪ

ಗಣಕಯಂತ್ರವನ್ನು ನಡೆಸುವ ಸೂಚನೆಗಳ ಸಮೂಹವೇ ತಂತ್ರಾಂಶ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯು ಅದನ್ನು ಸಾಹಿತ್ಯ ಕೃತಿಯ ವರ್ಗಕ್ಕೇ ಸೇರಿಸುತ್ತದೆ. ಆದುದರಿಂದ ಕರ್ತೃವಿನ ಅನುಮತಿಯಿಲ್ಲದೆ ಅದನ್ನು ಪ್ರತಿ ಮಾಡುವುದಾಗಲಿ ತಿದ್ದುವುದಾಗಲಿ ಸಲ್ಲದು. ಈ ಹಕ್ಕನ್ನೇ ತಿರುವಿ ಹಾಕಿ, ಪ್ರತಿ ಮಾಡಲು ಎಲ್ಲರಿಗೂ ಅನುಮತಿ ಕೊಡುವ ಮಾರ್ಗವೊಂದನ್ನು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ತೋರಿಸಿದರು. 1985ರಲ್ಲಿ ಅವರು ಸ್ಥಾಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಸಂಸ್ಥೆಯು 1989ರಲ್ಲಿ ಗ್ನೂ ಸಾರ್ವಜನಿಕ ಪರವಾನಗಿಯ ಮೊದಲ ಪಾಠವನ್ನೂ, 1991ರಲ್ಲಿ ಎರಡನೆಯದನ್ನೂ, 2007ರಲ್ಲಿ ಮೂರನೆಯದನ್ನೂ ಹೊರಡಿಸಿತು. ಇದನ್ನು ಸಂಕ್ಷೇಪವಾಗಿ ಜಿಪಿಎಲ್ ಎನ್ನುತ್ತಾರೆ. ಯಾವ ಉದ್ದೇಶಕ್ಕಾದರೂ ಬಳಸುವ, ಒಳಗನ್ನು ಓದಿ ತಿಳಿಯುವ, ಪ್ರತಿ ಮಾಡಿ ಹಂಚುವ, ತಿದ್ದಿ ಹಂಚುವ ನಾಲ್ಕು ಸ್ವಾತಂತ್ರ್ಯಗಳನ್ನು ಅದು ಪಡೆದವನಿಗೆ ಕೊಡುತ್ತದೆ. ಪ್ರತಿಯಾಗಿ ಕೇಳುವುದು ಒಂದನ್ನೇ: ಪಡೆದವನು ಮತ್ತೊಬ್ಬನಿಗೆ ಕೊಡುವಾಗ ಅದೇ ಸ್ವಾತಂತ್ರ್ಯಗಳನ್ನು ಕುಂದಿಲ್ಲದೆ ದಾಟಿಸಬೇಕು. ಈ ಏರ್ಪಾಟಿಗೆ ಕಾಪಿಲೆಫ್ಟ್ ಎಂಬ ಹೆಸರು ಬಂದಿದೆ.

ಕನ್ನಡ ಜೈನ ಮನೆತನಗಳಿಗೆ ಈ ಕಲ್ಪನೆ ಅಪರಿಚಿತವಲ್ಲ. ಆಹಾರ, ಔಷಧ, ಅಭಯ ದಾನಗಳ ಜೊತೆಗೆ ಶಾಸ್ತ್ರದಾನವನ್ನೂ ನಮ್ಮ ಪರಂಪರೆ ಎಣಿಸಿದೆ. ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಎಲ್ಲರಿಗೂ ತಿಳಿದ ಸಂಗತಿ. ಸಾವಿರ ಓಲೆಕಟ್ಟುಗಳು ಸಾವಿರ ಮನೆಗಳಲ್ಲಿ ಮತ್ತೆ ಪ್ರತಿಯಾಗಬಲ್ಲವು ಎಂಬುದರಲ್ಲಿಯೇ ಆ ದಾನದ ಬಲವಿದೆ.

ಇಲ್ಲೊಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. ಕಾಪಿಲೆಫ್ಟ್ ತಾನೇ ಒಂದು ಷರತ್ತಲ್ಲವೆ? ಒಂದು ಷರತ್ತು ಸಲ್ಲುವುದಾದರೆ ಮತ್ತೊಂದು ಏಕೆ ಸಲ್ಲದು? ಷರತ್ತುಗಳಲ್ಲಿ ಎರಡು ಬಗೆಗಳಿವೆ. ದಾನವು ಮುಂದಿನವನ ಕೈಗೆ ಹೋದಾಗಲೂ ದಾನವಾಗಿಯೇ ಉಳಿಯುವಂತೆ ನೋಡಿಕೊಳ್ಳುವ ಷರತ್ತು ಒಂದು ಬಗೆ. ಕೊಟ್ಟ ವಸ್ತುವಿನ ಮೇಲೆ ದಾತನ ಕೈ ಸದಾ ಇರುವಂತೆ ಮಾಡುವ ಷರತ್ತು ಇನ್ನೊಂದು ಬಗೆ. ಜಿಪಿಎಲ್ ಮೊದಲನೆಯದನ್ನು ಮಾತ್ರ ಒಪ್ಪುತ್ತದೆ. ಪಡೆದವರ ಹಕ್ಕುಗಳ ಮೇಲೆ ಬೇರಾವ ನಿರ್ಬಂಧವನ್ನೂ ಹೇರಬಾರದೆಂದು 1991ರ ಪಾಠದ ಆರನೆಯ ಕಲಮು ಸ್ಪಷ್ಟವಾಗಿ ನಿಷೇಧಿಸುತ್ತದೆ. 2007ರ ಪಾಠದ ಏಳನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಂಥ ನಿರ್ಬಂಧವನ್ನು ಯಾರಾದರೂ ಸೇರಿಸಿದ್ದರೆ ಪಡೆದವನು ಅದನ್ನು ತೆಗೆದುಹಾಕಬಹುದೆಂದು ಹೇಳುತ್ತದೆ.

ಬ್ರಹ್ಮಗಿರಿಯ ಸಾಕ್ಷ್ಯ

ಹಾಗಾದರೆ ಮೂಲಕ್ಕೆ ಏನನ್ನೂ ಸೇರಿಸಬಾರದೆ? ಈ ಪ್ರಶ್ನೆಗೆ ಉತ್ತರವಾಗಬಲ್ಲ ಪುರಾತನ ನಿದರ್ಶನವೊಂದು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನಲ್ಲಿಯೇ ಇದೆ. ಅಲ್ಲಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ಇದೇ ಕಿರುಶಾಸನದ ಪಾಠಗಳು ಮಸ್ಕಿಯಲ್ಲಿಯೂ ಮಧ್ಯಪ್ರದೇಶದ ರೂಪನಾಥದಲ್ಲಿಯೂ ದೊರೆತಿವೆ. ಅಂದರೆ ಇದು ಊರಿಂದೂರಿಗೆ ಪ್ರತಿಯಾಗಲೆಂದೇ ಹೊರಟ ಬರಹ. ಧರ್ಮದ ಫಲವು ದೊಡ್ಡವರಿಗಷ್ಟೇ ಅಲ್ಲ, ಸಾಮಾನ್ಯನಿಗೂ ದೊರೆಯುವಂಥದೆಂಬುದು ಅದರ ಆಶಯ.

ಬ್ರಹ್ಮಗಿರಿಯ ಪ್ರತಿಯಲ್ಲಿ ಮೂಲಕ್ಕೆ ಎರಡು ಸೇರ್ಪಡೆಗಳಾಗಿವೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕ್ಷೇಮವನ್ನು ವಿಚಾರಿಸುವ ಒಕ್ಕಣೆಯೊಂದು ಆರಂಭದಲ್ಲಿದೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಕಾಣಿಸಿ, ತಾನು ಲಿಪಿಕಾರನೆಂಬ ಮಾತನ್ನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಯಾರ ಮೂಲಕ ಬಂತು, ಯಾರು ಬರೆದರು ಎಂಬುದನ್ನು ಈ ಸೇರ್ಪಡೆಗಳು ತಿಳಿಸುತ್ತವೆ. ಓದುವವನ ಹಕ್ಕಿನಿಂದ ಏನನ್ನೂ ಕಳೆಯುವುದಿಲ್ಲ.

ಜಿಪಿಎಲ್‌ನ ಏಳನೆಯ ಕಲಮು ಒಪ್ಪುವ ಸೇರ್ಪಡೆಗಳೂ ಹೆಚ್ಚುಕಡಿಮೆ ಇಂಥವೇ ಆಗಿವೆ. ಕರ್ತೃವಿನ ಹೆಸರನ್ನು ಅಳಿಸಬಾರದೆನ್ನಬಹುದು. ತಿದ್ದಿದ ಪ್ರತಿಯನ್ನು ಮೂಲವೆಂದು ತೋರಿಸಬಾರದೆನ್ನಬಹುದು. ಸಂಸ್ಥೆಯ ಹೆಸರನ್ನು ಪ್ರಚಾರಕ್ಕೆ ಬಳಸಬಾರದೆನ್ನಬಹುದು. ವಾಣಿಜ್ಯ ಚಿಹ್ನೆಯ ಮೇಲಿನ ಹಕ್ಕನ್ನು ಉಳಿಸಿಕೊಳ್ಳಬಹುದು. ಮೊಳಕಾಲ್ಮುರು ರೇಷ್ಮೆ ಸೀರೆಗೆ ದೊರೆತಿರುವ ಭೌಗೋಳಿಕ ಗುರುತು ಆ ಊರಿನ ಹೆಸರನ್ನು ಕಾಯುತ್ತದೆ. ಆದರೆ ಬೇರೆ ಊರಿನ ನೇಕಾರನು ಮಗ್ಗ ಹೂಡುವುದನ್ನು ತಡೆಯುವುದಿಲ್ಲ. ಹೆಸರಿನ ರಕ್ಷಣೆ ಬೇರೆ, ಬಳಕೆಯ ನಿಷೇಧ ಬೇರೆ.

ಲಾಭವನ್ನು ಕಾಯುವ ಮುಚ್ಚಳ

2018ರಲ್ಲಿ ಅಮೆರಿಕದಲ್ಲಿ ಕಾಮನ್ಸ್ ಕ್ಲಾಸ್ ಎಂಬ ಕಿರು ಷರತ್ತೊಂದು ಪ್ರಚಾರಕ್ಕೆ ಬಂತು. ಸ್ವತಂತ್ರ ಪರವಾನಗಿಯೊಂದರ ಕೆಳಗೆ ಅದನ್ನು ಅಂಟಿಸಿದರೆ, ಆ ತಂತ್ರಾಂಶವನ್ನು ಮಾರುವ ಹಕ್ಕು ಪಡೆದವನಿಗೆ ಇಲ್ಲವಾಗುತ್ತದೆ. ಇಲ್ಲಿ ಮಾರಾಟವೆಂದರೆ ಪ್ರತಿಯ ಮಾರಾಟವಷ್ಟೇ ಅಲ್ಲ. ತಂತ್ರಾಂಶವನ್ನೇ ಮುಖ್ಯವಾಗಿ ಆಧರಿಸಿದ ಸೇವೆಗೆ ಹಣ ಪಡೆಯುವುದೂ ಅದರೊಳಗೆ ಬರುತ್ತದೆ. ದತ್ತಸಂಚಯ ತಂತ್ರಾಂಶವನ್ನು ರೂಪಿಸುವ ನಿಯೋ4ಜೆ ಕಂಪನಿಯು ಜಿಪಿಎಲ್‌ನ ಸೋದರನಾದ ಅಫೆರೊ ಪರವಾನಗಿಗೆ ಈ ಷರತ್ತನ್ನು ಅದೇ ವರ್ಷ ಸೇರಿಸಿತು. ಪರವಾನಗಿಯ ಮಾತನ್ನೇ ನಂಬಿ ಷರತ್ತನ್ನು ಕಿತ್ತುಹಾಕಿ ಹಂಚಿದವರ ಮೇಲೆ ವ್ಯಾಜ್ಯ ನಡೆಯಿತು. ಕ್ಯಾಲಿಫೋರ್ನಿಯದ ಜಿಲ್ಲಾ ನ್ಯಾಯಾಲಯವು 2020ರಲ್ಲಿ ಕಂಪನಿಯ ಪರವಾಗಿ ಆದೇಶ ನೀಡಿತು. 2022ರ ಫೆಬ್ರುವರಿಯಲ್ಲಿ ಮೇಲ್ಮನವಿ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕೃತಿಸ್ವಾಮ್ಯವುಳ್ಳವನು ತನ್ನ ಕೃತಿಗೆ ತನಗೆ ಬೇಕಾದ ಷರತ್ತು ವಿಧಿಸಬಲ್ಲನೆಂಬುದು ಈ ವಾದದ ತಿರುಳು.

ಕಾನೂನಿನ ವಿಷಯ ಏನೇ ಇರಲಿ, ನೀತಿಯ ದೃಷ್ಟಿಯಲ್ಲಿ ಇಲ್ಲಿ ಎರಡು ಅತಿಚಾರಗಳೂ ಒಟ್ಟಿಗೆ ಸೇರಿವೆ. ಮೇಲೆ ಸ್ವತಂತ್ರ ಪರವಾನಗಿಯ ಪ್ರಸಿದ್ಧ ನಾಮ, ಕೆಳಗೆ ಆ ಸ್ವಾತಂತ್ರ್ಯವನ್ನು ಮುಚ್ಚುವ ಸಾಲು, ಇದು ಅಪಿಧಾನ. ಅನ್ಯರು ಮೂವತ್ತು ವರ್ಷಗಳಿಂದ ಗಳಿಸಿದ ವಿಶ್ವಾಸವನ್ನು ತನ್ನ ಸರಕಿಗೆ ಹೊದಿಕೆಯಾಗಿ ಬಳಸುವುದು ಪರವ್ಯಪದೇಶ. ತನ್ನ ಕೃತಿಯನ್ನು ಮಾರಿಕೊಳ್ಳುವ ಹಕ್ಕು ಯಾರಿಗೂ ಇದೆ, ವಣಿಕ್ ವೃತ್ತಿಯನ್ನು ಜೈನರಿಗೆ ಕಲಿಸಬೇಕಾದುದಿಲ್ಲ. ಆದರೆ ಅಂಗಡಿಯ ಬಾಗಿಲ ಮೇಲೆ ಅನ್ನಛತ್ರದ ಫಲಕವನ್ನು ತೂಗುಹಾಕುವುದು ವ್ಯಾಪಾರದ ನೀತಿಯೂ ಅಲ್ಲ.

ಮಾರಾಟವನ್ನು ನಿಷೇಧಿಸುವ ಷರತ್ತು ದೊಡ್ಡ ಕಂಪನಿಗಳನ್ನು ಮಾತ್ರ ತಡೆಯುತ್ತದೆಂದು ಭಾವಿಸುವವರಿದ್ದಾರೆ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯಲ್ಲಿ ಗಣಕಯಂತ್ರಗಳ ಸಣ್ಣ ಅಂಗಡಿಯೊಂದನ್ನು ಕಲ್ಪಿಸಿಕೊಳ್ಳೋಣ. ಅದರ ಹುಡುಗನು ಸ್ವತಂತ್ರ ಲೆಕ್ಕದ ತಂತ್ರಾಂಶವನ್ನು ತನ್ನ ಯಂತ್ರದಲ್ಲಿಯೇ ನಡೆಸಿ, ಹತ್ತು ಗಿರಣಿಗಳ ಲೆಕ್ಕವನ್ನು ಅದರಲ್ಲಿ ಇಟ್ಟುಕೊಟ್ಟು ತಿಂಗಳಿಗಿಷ್ಟು ಹಣ ಪಡೆಯುತ್ತಾನೆ. ಜಿಪಿಎಲ್‌ನ ಪ್ರಕಾರ ಇದು ನಿರ್ದೋಷವಾದ ಜೀವನೋಪಾಯ. ಆ ಪರವಾನಗಿ ಮಾರಾಟವನ್ನು ಎಂದೂ ನಿಷೇಧಿಸಿಲ್ಲ. ಷರತ್ತು ಸೇರಿದೊಡನೆ ಅವನು ಅಪರಾಧಿಯಾಗುವ ಭಯವಿದೆ. ದೊಡ್ಡ ಕಂಪನಿಗೆ ವಕೀಲರಿದ್ದಾರೆ, ಬೇರೆಯ ಪರವಾನಗಿಯನ್ನು ಕೊಳ್ಳಲು ಹಣವೂ ಇದೆ. ಈ ಹುಡುಗನಿಗೆ ಎರಡೂ ಇಲ್ಲ.

ಷರತ್ತುಗಳು ಒಂದಕ್ಕೇ ನಿಲ್ಲುವುದಿಲ್ಲವೆಂಬುದಕ್ಕೂ ನಿದರ್ಶನವಿದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಹಳೆಯ ಪರವಾನಗಿಯೊಂದರಲ್ಲಿ, ಜಾಹೀರಾತುಗಳಲ್ಲಿ ತನ್ನ ಹೆಸರನ್ನು ಹೇಳಬೇಕೆಂಬ ನಿರುಪದ್ರವಿಯಾದ ಸಾಲೊಂದಿತ್ತು. ಅದನ್ನು ಅನುಸರಿಸಿದವರೆಲ್ಲ ತಮ್ಮ ತಮ್ಮ ಹೆಸರುಗಳನ್ನು ಸೇರಿಸುತ್ತ ಹೋದರು. 1997ರಲ್ಲಿ ನೆಟ್‌ಬಿಎಸ್‌ಡಿ ಎಂಬ ಒಂದೇ ತಂತ್ರಾಂಶದಲ್ಲಿ ಇಂಥ 75 ಸಾಲುಗಳಿದ್ದುವೆಂದು ಸ್ಟಾಲ್‌ಮನ್ ಎಣಿಸಿ ತೋರಿಸಿದರು. 1999ರಲ್ಲಿ ವಿಶ್ವವಿದ್ಯಾಲಯವೇ ಆ ಷರತ್ತನ್ನು ಕೈಬಿಟ್ಟಿತು.

ಸಿಂಪ್ಯೂಟರ್: ಬೇರೆ ಹೆಸರಿನ ಪ್ರಾಮಾಣಿಕತೆ

ನಿರ್ಬಂಧ ಬೇಕೇ ಬೇಕೆನ್ನುವವರಿಗೆ ಪ್ರಾಮಾಣಿಕವಾದ ದಾರಿಯೊಂದುಂಟು. ಕರ್ನಾಟಕದ ಸಿಂಪ್ಯೂಟರ್ ಅದನ್ನು ತೋರಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಕೂಡಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ರಚಿಸಿ, ಬಡವರಿಗೂ ಅಕ್ಷರ ಬಾರದವರಿಗೂ ಒದಗಬೇಕೆಂಬ ಕೈಯಳತೆಯ ಗಣಕವನ್ನು 2001ರಲ್ಲಿ ಹೊರತಂದರು. ಅದರೊಳಗಿನ ಲಿನಕ್ಸ್ ಜಿಪಿಎಲ್‌ಗೆ ಒಳಪಟ್ಟಿತ್ತು. ಯಂತ್ರದ ವಿನ್ಯಾಸಕ್ಕೆ ಮಾತ್ರ ಟ್ರಸ್ಟ್ ತನ್ನದೇ ಪರವಾನಗಿಯನ್ನು ಬರೆಯಿತು. ವಿನ್ಯಾಸವನ್ನು ಯಾರಾದರೂ ನೋಡಬಹುದು, ತಿದ್ದಬಹುದು. ವಾಣಿಜ್ಯಕ್ಕಾಗಿ ತಯಾರಿಸುವವರು ಶುಲ್ಕ ಕಟ್ಟಬೇಕು. ಮಾಡಿದ ಸುಧಾರಣೆಗಳನ್ನು ನಿಯತ ಅವಧಿಯ ನಂತರ ಟ್ರಸ್ಟಿಗೆ ಮರಳಿಸಬೇಕು.

ಈ ಷರತ್ತುಗಳು ಜಿಪಿಎಲ್‌ನಷ್ಟು ಉದಾರವಲ್ಲವೆಂಬುದು ನಿರ್ವಿವಾದ. ಸಿಂಪ್ಯೂಟರ್ ಸಾರ್ವಜನಿಕ ಪರವಾನಗಿ ಎಂಬ ಹೆಸರು ಮೂಲವನ್ನು ಅತಿಯಾಗಿ ಹೋಲುತ್ತದೆಂಬ ಆಕ್ಷೇಪವೂ ನ್ಯಾಯವೇ. ಆದರೂ ಟ್ರಸ್ಟ್ ಇನ್ನೊಬ್ಬರ ಪರವಾನಗಿಯ ಮೇಲೆ ತನ್ನ ಸಾಲನ್ನು ಅಂಟಿಸಲಿಲ್ಲ. ತನ್ನ ವಸ್ತುವಿಗೆ ತನ್ನ ಹೆಸರಿನಲ್ಲಿ ತನ್ನ ಷರತ್ತನ್ನು ಮೊದಲೇ ಹೇಳಿತು. ಜಿಪಿಎಲ್‌ನ ಒಡೆತನವುಳ್ಳ ಸಂಸ್ಥೆಯೂ ಇದನ್ನೇ ಕೇಳುತ್ತದೆ: ಪಾಠವನ್ನು ಬದಲಿಸುವವರು ಬೇರೆ ಹೆಸರಿಡಲಿ, ಪೀಠಿಕೆಯನ್ನು ಬಿಡಲಿ.

ಅಹಿಂಸೆಯ ಹೆಸರಿನ ಮುಚ್ಚಳ

ಲೋಭದಿಂದ ಹುಟ್ಟಿದ ನಿರ್ಬಂಧವನ್ನು ಖಂಡಿಸುವುದು ಸುಲಭ. ಕರುಣೆಯಿಂದ ಹುಟ್ಟಿದ ನಿರ್ಬಂಧವೇ ಕಠಿಣವಾದ ಪ್ರಶ್ನೆ. 2006ರಲ್ಲಿ ಜಿಪಿಯು ಎಂಬ ಯೋಜನೆಯವರು, ತಮ್ಮ ತಂತ್ರಾಂಶದಿಂದ ಯಾವ ಮನುಷ್ಯನಿಗೂ ಹಾನಿಯಾಗಬಾರದೆಂಬ ನಿಯಮವನ್ನು ಜಿಪಿಎಲ್‌ಗೆ ಸೇರಿಸಿದರು. ಸೈನಿಕ ಬಳಕೆಯನ್ನು ತಡೆಯುವುದು ಅವರ ಉದ್ದೇಶವಾಗಿತ್ತು. ಅದಕ್ಕೂ ಮೊದಲು 2002ರ ಜೇಸನ್ ಪರವಾನಗಿ, ಕಾಪಿಲೆಫ್ಟ್ ಅಲ್ಲದಿದ್ದರೂ, ತಂತ್ರಾಂಶವನ್ನು ಕೆಡುಕಿಗೆ ಬಳಸಕೂಡದೆಂದು ವಿಧಿಸಿತ್ತು. ಯಾವುದು ಕೆಡುಕೆಂದು ನಿರ್ಣಯಿಸುವವರು ಯಾರೆಂದು ತಿಳಿಯದೆ, ಡೆಬಿಯನ್‌ನಂಥ ಬಳಗಗಳು ಅದನ್ನು ಸ್ವತಂತ್ರ ಪರವಾನಗಿಗಳ ಸಾಲಿನಿಂದ ಹೊರಗಿಟ್ಟವು.

ಜೈನ ಓದುಗನಿಗೆ ಇಲ್ಲಿ ಮನಸ್ಸು ತೂಗಾಡುವುದು ಸಹಜ. ಅನರ್ಥದಂಡಗಳಲ್ಲಿ ಹಿಂಸಾದಾನವೂ ಸೇರಿದೆ. ಖಡ್ಗ, ವಿಷ, ಅಗ್ನಿ ಮೊದಲಾದ ಹಿಂಸೆಯ ಉಪಕರಣಗಳನ್ನು ಶ್ರಾವಕನು ಪರರಿಗೆ ಕೊಡಲಾಗದು. ಹಾಗಿದ್ದ ಮೇಲೆ ತನ್ನ ತಂತ್ರಾಂಶವು ಶಸ್ತ್ರಾಗಾರವನ್ನು ಸೇರದಂತೆ ಒಂದು ಸಾಲನ್ನು ಬರೆದರೆ ತಪ್ಪೇನು?

ಚಳ್ಳಕೆರೆಯ ಭೂಮಿ ಈ ಪ್ರಶ್ನೆಯನ್ನು ಪರೀಕ್ಷಿಸಲು ತಕ್ಕ ನೆಲೆ. ಆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ದೊರೆತು, ಕುದಾಪುರದಲ್ಲಿ ಅದರ ಎರಡನೆಯ ಆವರಣವಿದೆ. ಅಲ್ಲಿ ಶಾಲಾ ಕಾಲೇಜುಗಳ ಶಿಕ್ಷಕರಿಗೆ ವಿಜ್ಞಾನದ ತರಬೇತಿ ನಡೆಯುತ್ತದೆ. ಅದೇ ತಾಲ್ಲೂಕಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕ್ಷೇತ್ರವಿದೆ. 2017ರ ಮೇ ತಿಂಗಳಲ್ಲಿ ಅದರ ಉದ್ಘಾಟನೆಯಾಯಿತು. ಸೈನ್ಯಕ್ಕಾಗಿ ರೂಪಿಸಿದ ಮಾನವರಹಿತ ವಿಮಾನಗಳು ಹಾರುವ ಆ ಕ್ಷೇತ್ರದ ಓಡುದಾರಿಯ ಮೇಲೆಯೇ 2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆಯ ಅಂತರಿಕ್ಷ ವಾಹನವನ್ನು ಇಳಿಸಿ ನೋಡಿತು. ಶಿಕ್ಷಕನ ಪಾಠ, ಅಂತರಿಕ್ಷ ವಿಜ್ಞಾನ, ಸೈನಿಕ ವಿಮಾನ ಮೂರಕ್ಕೂ ಒದಗುವ ಗಣಿತದ ತಂತ್ರಾಂಶವೊಂದಿದೆ ಎನ್ನೋಣ. ಅದಕ್ಕೆ ಬರೆದ ಅಹಿಂಸೆಯ ಷರತ್ತು ಈ ಓಡುದಾರಿಯ ಯಾವ ಅಂಚಿನಲ್ಲಿ ಗೆರೆ ಎಳೆಯಬೇಕು?

ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದರು. ಸಂಕಲ್ಪಪೂರ್ವಕವಾದ ಹಿಂಸೆಯನ್ನು ಗೃಹಸ್ಥನು ಬಿಡಲೇಬೇಕು. ಅಡುಗೆ, ಉದ್ಯೋಗ, ಆತ್ಮರಕ್ಷಣೆಗಳಲ್ಲಿ ಒದಗುವ ಹಿಂಸೆಯನ್ನು ಅವನ ಸ್ಥಿತಿಯನ್ನರಿತು ಬೇರೆಯಾಗಿ ತೂಗಿದರು. ಭಾವವನ್ನು ನೋಡಿ ತೂಗುವ ಈ ಸೂಕ್ಷ್ಮ ತಕ್ಕಡಿಯನ್ನು ಪರವಾನಗಿಯ ಒಂದು ಸಾಲಿನೊಳಗೆ ಅಡಗಿಸಲಾಗದು. ಅಡಗಿಸಿದರೆ ಅದರ ಅರ್ಥವನ್ನು ಹೇಳುವವರು ಆಚಾರ್ಯರಾಗಿರುವುದಿಲ್ಲ, ವಕೀಲರಾಗಿರುತ್ತಾರೆ.

ಇದಕ್ಕಿಂತ ಮುಖ್ಯವಾದುದು ವ್ರತದ ಸ್ವರೂಪ. ವ್ರತವನ್ನು ಮನುಷ್ಯನು ತನಗೆ ತಾನು ವಿಧಿಸಿಕೊಳ್ಳುತ್ತಾನೆ. ಹಿಂಸಾದಾನದ ನಿಷೇಧವೂ ದಾತನಿಗೆ ಹೇಳಿದ್ದು, ಕೊಡುವುದಕ್ಕೆ ಮೊದಲು ಪಾಲಿಸಬೇಕಾದದ್ದು. ಸ್ವಭಾವತಃ ಶಸ್ತ್ರವೇ ಆದ ತಂತ್ರಾಂಶವನ್ನು ಶ್ರಾವಕನು ಬರೆಯದಿರಲಿ, ಕೊಡದಿರಲಿ, ಅಲ್ಲಿ ಸಂದೇಹವಿಲ್ಲ. ಆದರೆ ದೀಪದಂತೆ, ಲಿಪಿಯಂತೆ ಸರ್ವಸಾಧಾರಣವಾದ ವಸ್ತುವನ್ನು ಕೊಟ್ಟ ಮೇಲೆ, ಅದರ ಬೆಳಕಿನಲ್ಲಿ ಇಂಥದನ್ನೇ ಓದಬೇಕೆಂದು ಕಟ್ಟಳೆ ವಿಧಿಸುವುದು ಸಂಯಮವಲ್ಲ. ತನ್ನ ಸಂಯಮದ ಭಾರವನ್ನು ಪರರ ಹೆಗಲಿಗೆ ಏರಿಸುವುದು. ಶಸ್ತ್ರ ತಯಾರಿಸುವ ಪ್ರಬಲರು ತಮಗೆ ಬೇಕಾದುದನ್ನು ತಾವೇ ಬರೆಯಿಸಿಕೊಳ್ಳಬಲ್ಲರು. ಷರತ್ತನ್ನು ಓದಿ, ತನಗೆ ಸಲ್ಲುವುದೋ ಇಲ್ಲವೋ ಎಂದು ಅಂಜಿ ಹಿಂದೆ ಸರಿಯುವವನು ಕುದಾಪುರಕ್ಕೆ ತರಬೇತಿಗೆ ಬಂದ ಹಳ್ಳಿಯ ಶಿಕ್ಷಕ.

ಬೇಲಿಯ ಉದ್ದೇಶ ಎಷ್ಟೇ ಉನ್ನತವಾಗಿದ್ದರೂ ಅದು ಮೊದಲು ತಡೆಯುವುದು ದುರ್ಬಲನನ್ನೇ ಎಂಬುದನ್ನು ಆ ಕಾವಲುಗಳ ಕಥೆಯೂ ಹೇಳುತ್ತದೆ. ಸುತ್ತಲಿನ ಹಳ್ಳಿಗಳ ದನಕುರಿಗಳು ಮೇಯುತ್ತಿದ್ದ ಹುಲ್ಲುಗಾವಲುಗಳಿಗೆ ಗೋಡೆಗಳು ಬಂದುವು. ವಿವಾದವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ವಿಜ್ಞಾನ ಬೇಡವೆಂದು ಯಾರೂ ಹೇಳಲಿಲ್ಲ. ಆದರೆ ಗೋಡೆಯ ಮುಂದೆ ನಿಂತು ಹಿಂದಿರುಗಿದವನು ಕುರಿಗಾಹಿ.

ಮನೆಯೊಳಗಿನ ಪಾಠ

ಜ್ಞಾನಕ್ಕೆ ಹಾಕಿದ ಮುಚ್ಚಳದ ಅನುಭವ ಜೈನ ಸಮಾಜಕ್ಕೆ ಹೊಸದಲ್ಲ. ಮೂಡಬಿದಿರೆಯ ಗುರುಬಸದಿಯು ಧವಲಾದಿ ಸಿದ್ಧಾಂತ ಗ್ರಂಥಗಳ ತಾಡವೋಲೆಗಳನ್ನು ಶತಮಾನಗಳ ಕಾಲ ಕಾಪಾಡಿತು. ಆ ರಕ್ಷಣೆ ಇಲ್ಲದಿದ್ದರೆ ಇಂದು ಆ ಗ್ರಂಥಗಳೇ ಇರುತ್ತಿರಲಿಲ್ಲ. ಈ ಋಣವನ್ನು ಮರೆಯಲಾಗದು. ಆದರೆ ಅವು ದರ್ಶನಕ್ಕಷ್ಟೇ ಉಳಿದು, ಅಧ್ಯಯನಕ್ಕೆ ದೊರೆಯದೆ ಹೋದುವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡಲು ಅನುಮತಿ ದೊರೆತಾಗಲೂ ಪ್ರತಿಯು ಮೂಡಬಿದಿರೆಯಿಂದ ಹೊರಗೆ ಹೋಗಕೂಡದೆಂಬ ನಿರ್ಬಂಧವಿತ್ತು. ಕೊನೆಗೆ ಗುಟ್ಟಾಗಿ ಮಾಡಿದ ಪ್ರತಿಯೊಂದು ಉತ್ತರದ ಸಹಾರನಪುರವನ್ನು ಸೇರಿತು, ಡಾ. ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಧವಲೆಯ ಮೊದಲ ಸಂಪುಟ ಅಚ್ಚಾದುದು 1939ರಲ್ಲಿ. ನಿರ್ಬಂಧ ವಿಧಿಸಿದವರ ಉದ್ದೇಶ ಶಾಸ್ತ್ರದ ಗೌರವವೇ ಆಗಿತ್ತು. ಆದರೂ ಶಾಸ್ತ್ರವು ಜಿಜ್ಞಾಸುವನ್ನು ಮುಟ್ಟಲು ಗುಟ್ಟಿನ ದಾರಿ ಹಿಡಿಯಬೇಕಾಯಿತು.

ಬಸದಿಗಳ ಆಡಳಿತ ಮಂಡಳಿಗಳು ಇದರಿಂದ ಕೆಲವು ಸಂಗತಿಗಳನ್ನು ಗ್ರಹಿಸಬಹುದು. ತಂತ್ರಾಂಶ ಬರೆಯಿಸುವಾಗಲೇ ಅದು ಯಾವ ಪರವಾನಗಿಗೆ ಒಳಪಟ್ಟಿದೆಯೆಂದು ಕೇಳಿ ತಿಳಿಯಬೇಕು. ಅನ್ಯರ ಜಿಪಿಎಲ್ ತಂತ್ರಾಂಶವನ್ನು ಆಧರಿಸಿ ಬರೆಯಿಸಿದ್ದನ್ನು ಹಂಚುವಾಗ, ಮಾರಾಟಕ್ಕಲ್ಲ, ಸಮಾಜಬಾಂಧವರಿಗೆ ಮಾತ್ರ, ಅನುಮತಿಯಿಲ್ಲದೆ ತಿದ್ದಕೂಡದು ಎಂಬ ಸಾಲುಗಳನ್ನು ಸೇರಿಸುವ ಅಧಿಕಾರ ಯಾವ ಮಂಡಳಿಗೂ ಇಲ್ಲ. ಧರ್ಮಗ್ರಂಥಗಳ ಮೊದಲ ಪುಟದಲ್ಲಿ ಅಚ್ಚು ಹಾಕಿಸುವ ಅಭ್ಯಾಸದಿಂದ ಇಂಥ ಸಾಲುಗಳು ತಾವಾಗಿಯೇ ನುಸುಳುವುದುಂಟು. ಆದುದರಿಂದ ವಿಶೇಷ ಎಚ್ಚರ ಬೇಕು. ಬಸದಿಯ ಹೆಸರು, ಲಾಂಛನಗಳ ದುರುಪಯೋಗವನ್ನು ತಡೆಯುವ ಸಾಲು ಸಲ್ಲುತ್ತದೆ. ಬರೆದವರ ಹೆಸರನ್ನು ಉಳಿಸಬೇಕೆಂಬ ಸಾಲೂ ಸಲ್ಲುತ್ತದೆ. ದಾನಿಗಳ ವಿಳಾಸ, ಲೆಕ್ಕಗಳು ತಂತ್ರಾಂಶದ ಭಾಗವಲ್ಲವಾದುದರಿಂದ ಅವನ್ನು ಹಂಚಬೇಕಾದುದಿಲ್ಲ. ಪೂರ್ತಿಯಾಗಿ ತಾನೇ ಬರೆಯಿಸಿದ ಕೃತಿಯನ್ನು ಕೊಡಲು ಮನಸ್ಸಿಲ್ಲವಾದರೆ ಕೊಡದಿರುವ ಸ್ವಾತಂತ್ರ್ಯವೂ ಮಂಡಳಿಗೆ ಇದೆ. ಅರ್ಧ ಮನಸ್ಸಿದ್ದರೆ ತನ್ನದೇ ಷರತ್ತನ್ನು ತನ್ನದೇ ಹೆಸರಿನಲ್ಲಿ ಬರೆಯಲಿ.

ಈ ವಿಚಾರವೆಲ್ಲ ಮುಗಿಯಬೇಕಾದುದು ದಾನಕ್ಕೆ ಮೊದಲು, ಮಂಡಳಿಯ ಸಭೆಯಲ್ಲಿ. ಏನನ್ನು ಕೊಡಬೇಕು, ಏನನ್ನು ಕೊಡಬಾರದು, ಕೊಡುವ ವಸ್ತು ಯಾರ ಕೈಗೆ ಹೋದರೂ ತನ್ನ ಮನಸ್ಸಿಗೆ ಸಮಾಧಾನವೇ ಎಂಬುದನ್ನು ಅಲ್ಲಿ ತೂಗಿ ನೋಡಬೇಕು. ತೂಗಿ ಕೊಟ್ಟ ಮೇಲೆ ಆ ವಸ್ತು ಪಡೆದವನದು.